ಜನವರಿಯ ಹುರುಪೆಗಳು

ನನ್ನ ಸೋದರತ್ತೆ ಡೆಲ್ಮಾ ಯಾರನ್ನೂ ನಂಬಿದವಳಲ್ಲ. ಅಂಗಡಿಯ ತಕ್ಕಡಿ, ರೇಡಿಯೋದ ಹವಾಮಾನ ವರದಿ, ಪಾದ್ರಿಯ ಕೆಮ್ಮು, ಎಲ್ಲದರ ಮೇಲೂ ಅವಳಿಗೆ ಅನುಮಾನ. ನಮ್ಮ ಬುಡಕಟ್ಟಿನ ಶಾಲೆಯ ಬಸ್ಸನ್ನು ಇಪ್ಪತ್ತೆರಡು ವರ್ಷ ಓಡಿಸಿದಳು. ಮುಂದಿನ ರಸ್ತೆಗಿಂತ ಹಿಂದಿನ ಸೀಟು ತೋರಿಸುವ ಕನ್ನಡಿಯನ್ನೇ ಹೆಚ್ಚು ನೋಡುತ್ತಿದ್ದಳು ಎಂದು ಆ ಬಸ್ಸಿನಲ್ಲಿ ಕೂತು ಬೆಳೆದ ನಾವೆಲ್ಲ ಇವತ್ತಿಗೂ ಹೇಳುತ್ತೇವೆ. ಕೆಲಸ ಬಿಟ್ಟ ಮೇಲೆ ಬೇಸಿಗೆಯಲ್ಲಿ ನದಿಬಾಯಿಗೆ, ಚಳಿಗಾಲದಲ್ಲಿ ಕೊಲ್ಲಿಗೆ ಬಲೆ ಹಾಕುವುದು, ಮನೆ ಹಿಂದಿನ ಗುಡಿಸಲಲ್ಲಿ ಆಲ್ಡರ್ ಕಟ್ಟಿಗೆಯ ಹೊಗೆಗೆ ಮೀನು ಒಣಗಿಸುವುದು, ಇಷ್ಟೇ ಅವಳ ಬದುಕು. ಗುಡಿಸಲಿನ ಬಾಗಿಲಿಗೆ ಬೀಗವಿತ್ತು. ಬೀಗದ ಕೆಳಗೆ ಒಂದು ಕರಿ ದಾರವೂ ಇತ್ತು. ಕಳ್ಳ ಸಿಗದಿದ್ದರೂ ಕಳ್ಳತನವಾದದ್ದಾದರೂ ತಿಳಿಯಲಿ ಎಂದು.

ಅವಳಿಗೆ ಕಾರಣವಿಲ್ಲದೆ ಇರಲಿಲ್ಲ. ಅವಳು ಹತ್ತು ವರ್ಷದವಳಿದ್ದಾಗ ಹೊರಗಿನವರು ದೋಣಿಗಳಲ್ಲಿ ಬಂದು, ಸಿಡಿಮದ್ದು ಹಾರಿಸಿ, ಓರ್ಕಾ ತಿಮಿಂಗಿಲಗಳನ್ನು ಒಂದು ಮೂಲೆಗೆ ಅಟ್ಟಿ ಬಲೆ ಹಾಕಿದ್ದರು. ದೂರದ ಊರುಗಳ ತೊಟ್ಟಿಗಳಲ್ಲಿ ಆಟ ಆಡಿಸಲು ಮರಿಗಳನ್ನು ಆರಿಸಿ ಲಾರಿಗೆ ಏರಿಸಿದರು. ತಾಯಂದಿರು ಬಲೆಯಾಚೆ ನಿಂತು ಕೂಗುತ್ತಿದ್ದದ್ದನ್ನು ಅತ್ತೆ ದಡದಲ್ಲಿ ತನ್ನಪ್ಪನ ಕೈ ಹಿಡಿದು ಕೇಳಿದ್ದಳು. ನಮ್ಮವರಿಗೆ ಓರ್ಕಾ ಎಂದರೆ ನೀರಡಿಯ ನಂಟರು. ನಂಟರ ಮಕ್ಕಳನ್ನು ಎತ್ತಿಕೊಂಡು ಹೋದವರ ಜಾತಿಯನ್ನು ಯಾರು ನಂಬುತ್ತಾರೆ?

ಹಾಗಾಗಿ ಇಂಗ್ರಿಡ್ ಎಂಬ ಸಂಶೋಧಕಿ ಉದ್ದ ಕೋಲಿನ ಪುಟ್ಟ ಬಲೆ ಹಿಡಿದು ನಮ್ಮೂರಿಗೆ ಬಂದಾಗ, ಅವಳ ದೋಣಿ ನಡೆಸುವ ಕೆಲಸ ನಾನು ಒಪ್ಪಿಕೊಂಡದ್ದು ಅತ್ತೆಗೆ ಸಹಿಸಲಾಗಲಿಲ್ಲ.

“ಲೋ ರೂಬೆನ್, ನಂಟರ ಹಿಂದೆ ಬಲೆ ಹಿಡ್ಕೊಂಡು ಓಡೋಕೆ ನೀನೇ ಬೇಕಿತ್ತೇನೋ?”

ಬಲೆ ಅವರಿಗಲ್ಲ, ಅವರ ಎಂಜಲಿಗೆ ಎಂದು ವಿವರಿಸಿದೆ. ಓರ್ಕಾ ಮೀನು ಹಿಡಿದು ಮುಳುಗಿದ ಜಾಗಕ್ಕೆ ದೂರದಿಂದ ನಿಧಾನ ಹೋಗಿ, ನೀರಲ್ಲಿ ಉಳಿದ ಮೀನಿನ ಹುರುಪೆ, ಚರ್ಮದ ಚೂರು, ಸಿಕ್ಕರೆ ಲದ್ದಿ, ಎಲ್ಲವನ್ನೂ ಎತ್ತಿ ಸೀಸೆಗೆ ಹಾಕುವುದು ನಮ್ಮ ಕೆಲಸ. ಉಳಿದಿರುವುದೇ ಎಪ್ಪತ್ತು ಚಿಲ್ಲರೆ ಓರ್ಕಾಗಳು. ಬೇಸಿಗೆಯಲ್ಲಿ ಅವು ದೊಡ್ಡ ಕಿಂಗ್ ಸಾಲ್ಮನ್ ಮೀನು ತಿನ್ನುತ್ತವೆ, ಶರತ್ಕಾಲದಲ್ಲಿ ಸಣ್ಣ ಜಾತಿಯ ಸಾಲ್ಮನ್ನಿಗೂ ಇಳಿಯುತ್ತವೆ. ಚಳಿಗಾಲದಲ್ಲಿ ಈ ಕೊಲ್ಲಿಯಲ್ಲಿ ಏನು ತಿಂದು ಬದುಕುತ್ತವೆ ಎನ್ನುವುದು ಗೊತ್ತಾದರೆ ಆ ಮೀನನ್ನು ಕಾಯಬಹುದು. ಅತ್ತೆ ಎಲ್ಲ ಕೇಳಿಸಿಕೊಂಡು, ಕಾಯುತ್ತೇವೆ ಎಂದವರು ನಮ್ಮದೇನನ್ನೂ ಇದುವರೆಗೆ ವಾಪಸು ಕೊಟ್ಟದ್ದು ನೋಡಿಲ್ಲ ಎಂದಳು. ಒಳಗೊಳಗೇ ನನಗೂ ಅದೇ ಅನುಮಾನ. ಸಂಬಳ ತೆಗೆದುಕೊಂಡು ಅನುಮಾನ ಪಡುವುದು ಅವಳ ಅನುಮಾನಕ್ಕಿಂತ ಕಷ್ಟದ ಕೆಲಸ.

ಆ ಜನವರಿಯಲ್ಲಿ ಒಂಬತ್ತು ಓರ್ಕಾಗಳ ಒಂದು ಕುಟುಂಬ ನಾಲ್ಕು ಸಲ ಕೊಲ್ಲಿಗೆ ಬಂತು. ಪ್ರತಿ ಸಲವೂ ದಡದ ಸೀಲ್ ಕಲ್ಲು ಎನ್ನುವ ಬಂಡೆಯ ಹತ್ತಿರ ಸುಳಿದಾಡಿ, ಮುಳುಗಿ, ಹೋಯಿತು. ನಮಗೆ ಕೈತುಂಬ ಹುರುಪೆ ಸಿಕ್ಕಿತು. ಇಂಗ್ರಿಡ್ ಅವನ್ನು ಪ್ರಯೋಗಾಲಯಕ್ಕೆ ಕಳಿಸಿದಳು. ಬಹುಪಾಲು ಬಲಿತ ಕಿಂಗ್ ಸಾಲ್ಮನ್ನಿನವು, ಅದೂ ನಮ್ಮದೇ ನದಿಯವು ಎಂದು ಉತ್ತರ ಬಂತು. ಅವಳು ದೋಣಿಯಲ್ಲೇ ಕುಣಿದಳು.

ಊರು ಕುಣಿಯಲಿಲ್ಲ. ನಮ್ಮ ನದಿಯ ಬಲಿತ ಕಿಂಗ್ ಆಗಸ್ಟಿನಲ್ಲಿ ಬರುತ್ತದೆ, ನದಿ ಹತ್ತುತ್ತದೆ, ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಜನವರಿಯಲ್ಲಿ ಕೊಲ್ಲಿಯಲ್ಲಿರುವುದು ಮೊಳಕೈಯುದ್ದದ ಎಳೆ ಕಿಂಗ್ ಮಾತ್ರ. ಅದು ನಮ್ಮೂರಿನ ತೊಟ್ಟಿಲ ಮಗುವಿಗೂ ಗೊತ್ತು. ಇಲ್ಲದ ಮೀನನ್ನು ಓರ್ಕಾ ತಿಂದದ್ದು ಹೇಗೆ? ಅಷ್ಟರಲ್ಲಿ ಇಂಗ್ರಿಡಳ ಮೇಲಿನ ಕಚೇರಿಯಿಂದ ಕಾಗದ ಬಂತು. ಬಲಿತ ಕಿಂಗ್‌ಗಳು ಇಲ್ಲೇ ಚಳಿಗಾಲ ಕಳೆಯುತ್ತಿವೆ ಎಂದು ತೋರುತ್ತದೆ, ಆದ್ದರಿಂದ ಮುಂದಿನ ತಿಂಗಳಿಂದ ಕೊಲ್ಲಿಯಲ್ಲಿ ಬಲೆ ನಿಲ್ಲಿಸಬೇಕು ಎಂದು ಅದರಲ್ಲಿತ್ತು. ಬಲೆ ಇರುವುದು ಒಂಬತ್ತು ಮನೆಗಳಿಗೆ. ಅತ್ತೆಯ ಬಲೆಯ ಜಾಗ ಅವಳ ಅಜ್ಜಿಯದು. ಅದು ಹೋದರೆ ಹೊಗೆಗುಡಿಸಲೂ ಹೋಗುತ್ತದೆ, ಅವಳ ಚಳಿಗಾಲವೇ ಹೋಗುತ್ತದೆ.

ಊರ ಸಭೆಯಲ್ಲಿ ಇಂಗ್ರಿಡ್ ಎದ್ದು ವಿವರಿಸಲು ಹೋದಳು. ಅತ್ತೆ ಕೂತಲ್ಲಿಂದಲೇ ತಡೆದಳು.

“ನಾನು ಕಲ್ಲಿನ ಮೇಲೆ ನಿಂತು ನಿನ್ನನ್ನೇ ನೋಡ್ತಾ ಇದ್ದೀನಮ್ಮ. ಆ ಹುರುಪೆ ಈ ಕೊಲ್ಲೀದಲ್ಲ. ನೀನು ಆಫೀಸಿಂದ ಜೇಬಲ್ಲಿ ಹಾಕ್ಕೊಂಡು ಬರ್ತೀಯ. ಇದಕ್ಕೆ ನಮ್ಮ ಕಡೆ ಕಳ್ಳತನ ಅಂತಾರೆ.”

ಇಂಗ್ರಿಡಳ ಮುಖ ಕೆಂಪಾಯಿತು. ಕೂತುಬಿಟ್ಟಳು. ಮರುದಿನ ದೋಣಿಯಲ್ಲಿ, ಊರಿನವರು ಯಾರಾದರೂ ಬೇಕೆಂತಲೇ ನೀರಿಗೆ ಏನಾದರೂ ಹಾಕುತ್ತಿದ್ದಾರಾ ಎಂದು ನನ್ನನ್ನು ಕೇಳಿದಳು. ಕೇಳುವಾಗ ನನ್ನ ಕೈಚೀಲವನ್ನು ನೋಡಿದಳು. ಊರಿನವರಿಗೆ ನಾನು ಅವಳ ಕಡೆಯವನು, ಅವಳಿಗೆ ನಾನು ಊರಿನ ಕಡೆಯವನು. ಅವಮಾನವಾಯಿತು. ನಾನೂ ಅವಳ ಜೇಬುಗಳ ಮೇಲೆ ಕಣ್ಣಿಟ್ಟೆ.

ಫೆಬ್ರವರಿಯ ಮೊದಲ ವಾರ, ಮಧ್ಯಾಹ್ನ, ಓರ್ಕಾಗಳು ಐದನೆಯ ಸಲ ಬಂದವು. ಸೀಲ್ ಕಲ್ಲಿನ ಬಳಿ ಮುಳುಗಿದವು. ಇಂಗ್ರಿಡ್ ಬರೆದುಕೊಳ್ಳುತ್ತಿದ್ದಳು, ಬಲೆ ನನ್ನ ಕೈಯಲ್ಲಿತ್ತು. ಹುರುಪೆಗಳ ಜೊತೆ ಅಂಗೈಯುದ್ದದ ಮೀನಿನ ಚರ್ಮದ ಪಟ್ಟಿ ಬಂತು. ಅಂಚು ಹರಿದಿರಲಿಲ್ಲ. ಚಾಕುವಿನಲ್ಲಿ ಕೊಯ್ದದ್ದು. ಹೊಟ್ಟೆಯ ಕಡೆ ಹೆಬ್ಬೆರಳಗಲ ಬಿಟ್ಟು, ರೆಕ್ಕೆಯ ಹತ್ತಿರ ಮೆಟ್ಟಿಲಿನಂತೆ ಒಂದು ತಿರುವು ಕೊಟ್ಟಿತ್ತು. ಹೊಗೆಗುಡಿಸಲಿನ ಕೋಲಿಗೆ ಮೀನು ಜಾರದೆ ನೇತಾಡಲಿ ಎಂದು ಹಾಗೆ ಕೊಯ್ಯುವವರು ಈ ದಡದಲ್ಲಿ ಒಂದೇ ಮನೆಯವರು. ನನಗೆ ಆ ತಿರುವು ಕಲಿಸುವಾಗ ಅತ್ತೆ ಎರಡು ಸಲ ಕೈಗೆ ಹೊಡೆದಿದ್ದಳು.

ತಲೆಯೆತ್ತಿ ನೋಡಿದೆ. ಕಲ್ಲಿನ ಮೇಲೆ ಅತ್ತೆ ನಿಂತಿದ್ದಳು, ಕೈಯಲ್ಲಿ ಬಕೆಟ್ಟು ಬೋರಲಾಗಿತ್ತು. ಅವಳು ಅಲ್ಲಿ ಬಕೆಟ್ಟು ಹಿಡಿದು ನಿಲ್ಲುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಮೀನಿನ ಮುಳ್ಳನ್ನು ನೀರಿಗೆ ಮರಳಿಸಿದರೆ ಮೀನು ಮತ್ತೆ ದಾರಿ ಹುಡುಕಿಕೊಂಡು ಬರುತ್ತದೆ ಎನ್ನುವುದು ನಮ್ಮ ಪದ್ಧತಿ. ಉಳಿದವರು ವರ್ಷದ ಮೊದಲ ಮೀನಿಗೆ ಮಾತ್ರ ಮಾಡುತ್ತಾರೆ. ಅತ್ತೆ ಒಂದು ತಲೆಯನ್ನೂ ಕಸಕ್ಕೆ ಹಾಕಿದವಳಲ್ಲ. ದಿನಾ ಕಂಡದ್ದು ಕಣ್ಣಿಗೆ ಬೀಳುವುದಿಲ್ಲ. ಚರ್ಮವನ್ನು ಜೇಬಿಗೆ ಹಾಕಿಕೊಂಡೆ. ಇಂಗ್ರಿಡಳ ಜೇಬು ಕಾಯುತ್ತಿದ್ದವನ ಜೇಬಿನಲ್ಲೇ ಕೊನೆಗೆ ಮಾಲು ಸೇರಿತು.

ಸಂಜೆ ಅತ್ತೆಯ ಅಡುಗೆಮನೆಯಲ್ಲಿ ಮೀನು ಕೊಯ್ಯುವ ಹಲಗೆಯ ಮೇಲೆ ಅದನ್ನಿಟ್ಟೆ. ಅವಳು ಮೊದಲು ಅನುಮಾನಪಟ್ಟದ್ದು ನನ್ನನ್ನೇ, ನನ್ನ ಫ್ರೀಜರ್ ತೆಗೆದೆಯಾ ಎಂದಳು. ಎಲ್ಲಿ ಸಿಕ್ಕಿತೆಂದು ಹೇಳಿದೆ. ಅವಳು ಚಾಕು ಕೆಳಗಿಟ್ಟು ಆ ತಿರುವಿನ ಮೇಲೆ ಬೆರಳಾಡಿಸಿದಳು.

“ಮಿಕ್ಕ ಹುರುಪೇನೂ ನಂದೇನಾ?”

“ಇರಬೇಕು ಅತ್ತೆ. ಆಗಸ್ಟಲ್ಲಿ ಹಿಡಿದ ಬಲಿತ ಕಿಂಗ್ ತಾನೇ ಫ್ರೀಜರಲ್ಲಿರೋದು?”

ಜನವರಿಯಲ್ಲಿ ಅವು ಮೊದಲ ಸಲ ಬಂದಾಗಲೇ ಶುರುಮಾಡಿದ್ದಳಂತೆ. ಗುಂಪಿನಲ್ಲಿ ಒಂದು ಹೆಣ್ಣು ಓರ್ಕಾದ ಕತ್ತಿನ ಹಿಂದೆ ಕೊಬ್ಬು ಕರಗಿ ಗುಳಿ ಬಿದ್ದದ್ದನ್ನು ಕಲ್ಲಿನಿಂದ ಕಂಡಿದ್ದಳು. ಮುಳ್ಳನ್ನು ಹೇಗೂ ನೀರಿಗೆ ಕೊಡುವುದೇ, ನಂಟರು ಬಂದಾಗಲೇ ಕೊಟ್ಟರೆ ಅವರ ಹೊಟ್ಟೆಗೂ ಆಯಿತು ಎಂದುಕೊಂಡಳು. ತಲೆಗಳು, ಚರ್ಮ, ಅಂಟಿಕೊಂಡ ಮಾಂಸ ಎಲ್ಲ ಫ್ರೀಜರಿನಿಂದ ತೆಗೆದು ಸುರಿದಳು. ಓರ್ಕಾಗಳು ಅಲ್ಲೇ ಮುಳುಗುತ್ತಿದ್ದದ್ದು ನೋಡಿ ಪೂರ್ತಿ ತಿನ್ನುತ್ತಿವೆ, ಬಲೆಗೆ ಸಿಗಲು ಏನೂ ಉಳಿದಿಲ್ಲ ಎಂದೇ ನಂಬಿದ್ದಳು. ಜೀವಮಾನದಲ್ಲಿ ಒಂದನ್ನು ನಂಬಿದ್ದಳು.

ಸುಮ್ಮನಿದ್ದರೆ ಕೊಲ್ಲಿ ಮುಚ್ಚಿಯೇ ಇರುತ್ತದೆ. ಹೇಳಿದರೆ ಊರೇ ನಗುತ್ತದೆ. ಇಂಗ್ರಿಡಳನ್ನು ಇಲ್ಲಿಗೇ ಕರೆತರುತ್ತೇನೆ, ನಾಲ್ಕು ಗೋಡೆಯೊಳಗೆ ಮುಗಿಸೋಣ ಎಂದೆ. ಅತ್ತೆ ಒಪ್ಪಲಿಲ್ಲ.

“ಸಭೇಲಿ ಕಳ್ಳಿ ಅಂದಿದ್ದೀನಿ ಕಣೋ. ಅಡುಗೆಮನೇಲಿ ಕ್ಷಮೆ ಕೇಳ್ಲಾ?”

ಮುಂದಿನ ಸಭೆಯಲ್ಲಿ ಬಕೆಟ್ಟನ್ನು ಮೇಜಿನ ಮೇಲಿಟ್ಟು, ನಡೆದದ್ದನ್ನೆಲ್ಲ ಹೇಳಿದಳು. ಹಿಂದಿನ ಸಾಲಿನಲ್ಲಿ ಯಾರೋ, ಅತ್ತೆ ಇವತ್ತು ಬಸ್ಸಿನ ಕನ್ನಡಿಯಲ್ಲಿ ತಮ್ಮ ಮುಖ ನೋಡಿಕೊಂಡರು ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಅದಕ್ಕೆ ಇವತ್ತಿಗೂ ನಾಚಿಕೆಯಿದೆ. ನಗದಿದ್ದವಳು ಇಂಗ್ರಿಡ್ ಒಬ್ಬಳೇ. ಫ್ರೀಜರಿನಲ್ಲಿ ಉಳಿದ ತಲೆಗಳಿಂದ ಚೂರು ಕೇಳಿ ಪಡೆದು, ಅವನ್ನೂ ಬಲೆಯಲ್ಲಿ ಸಿಕ್ಕಿದ್ದನ್ನೂ ತಾಳೆ ನೋಡಿಸಿದಳು. ಮೂವತ್ತೊಂದು ಸೀಸೆಗಳಲ್ಲಿ ಇಪ್ಪತ್ತೇಳು ಅತ್ತೆಯ ಬಕೆಟ್ಟಿನವು. ಕಚೇರಿ ತನ್ನ ಕಾಗದ ವಾಪಸು ತೆಗೆದುಕೊಂಡಿತು. ಸುದ್ದಿ ಹೇಳಲು ಇಂಗ್ರಿಡ್ ತಾನೇ ಅತ್ತೆಯ ಮನೆಗೆ ಬಂದಳು. ಅತ್ತೆ ಅವಳಿಗೆ ಚಹಾ ಕೊಟ್ಟಳು, ಆದರೆ ಗೆದ್ದವಳಂತೆ ಕಾಣಲಿಲ್ಲ.

“ಮಿಕ್ಕ ನಾಲ್ಕರಲ್ಲಿ ಏನಿತ್ತು?”

“ಎರಡು ಚಪ್ಪಟೆ ತೊರಕೆ ಮೀನು. ಒಂದು ಬಂಡೆ ಸಂದಿನ ಮೀನು. ಒಂದು ಎಳೆ ಕಿಂಗ್.”

“ಒಂಬತ್ತು ಜನಕ್ಕೆ? ಐದು ಸಲ ಬಂದು?”

“ನಮಗೆ ಸಿಕ್ಕಿದ್ದು ಅಷ್ಟೇ.”

“ನಾನು ಹಾಕಿದ್ದು?”

ಇಂಗ್ರಿಡ್ ಲೋಟ ಕೆಳಗಿಟ್ಟಳು. “ಅವು ಸತ್ತ ಮೀನು ಮುಟ್ಟಲ್ಲ, ಡೆಲ್ಮಾ. ಹಿಡಿದೇ ತಿನ್ನೋದು.”

ಮುಂದಿನ ಸೋಮವಾರ ಎಂಟು ಮನೆಗಳ ಬಲೆ ಮತ್ತೆ ನೀರಿಗಿಳಿಯಿತು. ಒಂಬತ್ತನೆಯದನ್ನು ದೋಣಿಗೆ ಹಾಕಲು ನಾನು ಬೆಳಿಗ್ಗೆ ಹೋದೆ. ಬಲೆ ಬೇಲಿಯ ಮೇಲೇ ಇತ್ತು. ಅತ್ತೆ ಮೆಟ್ಟಿಲ ಮೇಲೆ ಕೂತಿದ್ದಳು. ಎತ್ತಲಾ ಎಂದು ಕೇಳಿದೆ. ಬೇಡ ಎಂದಳು.

“ನಾವು ಗೆದ್ವಲ್ಲ ಅತ್ತೆ.”

“ಗೆದ್ವಿ. ಆದ್ರೆ ನಾವು ಹಿಡಿಯೋದೂ ಆ ಎಳೆ ಕಿಂಗನ್ನೇ ಅಲ್ವೇನೋ? ಐದು ಸಲ ಬಾಗಿಲಿಗೆ ಬಂದ್ರು ರೂಬೆನ್. ಮೀನು ನಾನು ತಿಂದು, ಅವರಿಗೆ ಮುಳ್ಳು ಬಡಿಸ್ದೆ.”