ಅರ್ಧ ಕ್ರಯದ ಧಾರೆ ಸೀರೆ

ವಾಮದಪದವಿನಲ್ಲಿ, ಊರವರು ಬ್ಯಾರಿಗಳೆಂದು ಕರೆಯುವ ಅಬ್ದುಲ್ ಹಕೀಮರ ಜವುಳಿ ಅಂಗಡಿ ಇಪ್ಪತ್ತೊಂಬತ್ತು ವರ್ಷ ನಡೆಯಿತು. ಗಿರಾಕಿ ಬಟ್ಟೆ ಆರಿಸಿದ ಮೇಲೆ ಅವರು ಅದರ ಮೂಲೆಯನ್ನು ಒದ್ದೆ ಮಾಡಿ, ಬಿಳಿ ತುಂಡೊಂದಕ್ಕೆ ಉಜ್ಜಿ ನೋಡುತ್ತಿದ್ದರು. ಬಣ್ಣ ಹತ್ತಿದರೆ, "ಇದು ಬೇಡ, ಬೇರೆ ನೋಡುವ" ಎಂದು ತಾವೇ ಮಡಚಿ ಒಳಗಿಡುತ್ತಿದ್ದರು. ಚೌಕಾಸಿಗೆ ಮಾತ್ರ ಬಗ್ಗುತ್ತಿರಲಿಲ್ಲ.

ಬಂಟ್ವಾಳದಲ್ಲಿ ಮೂರು ಮಾಳಿಗೆಯ ಡಿಸ್ಕೌಂಟ್ ಮಳಿಗೆ ತೆರೆದ ಮೇಲೆ ಅವರ ಅಂಗಡಿಗೆ ಜನ ಕಡಿಮೆಯಾದರು. ಪರಿಚಯದವರೆಲ್ಲ ದೊಡ್ಡ ಚೀಲ ಹಿಡಿದು ಬಸ್ಸಿನಿಂದ ಇಳಿದು, ಅಂಗಡಿಯ ಕಡೆ ನೋಡದೆ ದಾಟಿಹೋಗುತ್ತಿದ್ದರು. ಎರಡು ರಂಜಾನ್ ಹಾಗೆಯೇ ಕಳೆದವು. ಹಕೀಮರು ಬಾಗಿಲು ಹಾಕಿದರು. ಅರುವತ್ತರ ಹೊಸ್ತಿಲಲ್ಲಿದ್ದ ಮನುಷ್ಯನಿಗೆ ಬಟ್ಟೆ ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಕೊನೆಗೆ ಅದೇ ಮಳಿಗೆಯ ಸೀರೆ ವಿಭಾಗಕ್ಕೆ ಕೆಲಸಕ್ಕೆ ಸೇರಿದರು.

ಅಲ್ಲಿಯ ಮೈ ಒರೆಸುವ ಬೈರಾಸು, ಬೆಡ್‌ಶೀಟುಗಳಲ್ಲಿ ಮೋಸವಿರಲಿಲ್ಲ. ಕೊಟ್ಟ ಹಣಕ್ಕೆ ತಕ್ಕಂತೆ ಬಾಳುತ್ತಿದ್ದವು. ರೇಷ್ಮೆಯೆಂದು ಮಾರುವ ಸೀರೆಗಳ ಕತೆಯೇ ಬೇರೆ. ಹೊಸ ಮಾಲು ಬಂದ ದಿನ ಅದಕ್ಕೆ ಇಲ್ಲದ ದೊಡ್ಡ ಕ್ರಯದ ಚೀಟಿ ಅಂಟಿಸಬೇಕು, ಮರುದಿನ ಅದರ ಮೇಲೆ ಗೀಟೆಳೆದು ಅರ್ಧ ಬರೆಯಬೇಕು. ಮೊದಲ ದಿನ ಹಕೀಮರು ಪ್ರತಿ ಚೀಟಿಗೂ ತಡೆದು ತಡೆದು ಗೀಟೆಳೆದರು. ತಿಂಗಳು ಕಳೆಯುವಷ್ಟರಲ್ಲಿ ಕೈಗೆ ಅಭ್ಯಾಸವಾಯಿತು.

ಹೀಗಿರುವಾಗ ವೇಣೂರಿನ ಹುಕ್ರಪ್ಪ, ಹೆಂಡತಿ ಪ್ರೇಮಾವತಿ ಮತ್ತು ಮಗಳು ವಿಸ್ಮಿತಾಳನ್ನು ಕರೆದುಕೊಂಡು ಮದುವೆಯ ಜವುಳಿಗೆ ಬಂದ. ಅವನ ಸ್ವಂತ ಮದುವೆಯಿಂದ ಹಿಡಿದು ಮಗಳ ಶಾಲೆಯ ಯೂನಿಫಾರ್ಮಿನವರೆಗೆ ಎಲ್ಲವೂ ಹಕೀಮರ ಅಂಗಡಿಯದೇ. ಅವರನ್ನು ಕಂಡವನೇ ಮುಖವರಳಿಸಿದ.

"ನೀವು ಇಲ್ಲಿದ್ದೀರಲ್ಲ ಬ್ಯಾರಿಗಳೇ, ಇನ್ನೆಂಥ ಹೆದರಿಕೆ. ಧಾರೆ ಸೀರೆ ನೀವೇ ನೋಡಿ ಹೇಳಿ."

ವಿಸ್ಮಿತಾ ಕಡುಗೆಂಪಿನ ಸೀರೆಯೊಂದನ್ನು ಹೆಗಲ ಮೇಲೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದಳು. ಹಕೀಮರು ಸೆರಗನ್ನು ಬೆರಳ ನಡುವೆ ಹಿಡಿದರು. ರೇಷ್ಮೆಯಲ್ಲ. ಆ ಚೀಟಿ ಅಂಟಿಸಿದ್ದೂ ಅವರೇ. ಮ್ಯಾನೇಜರ್ ನಾಲ್ಕು ಹೆಜ್ಜೆ ದೂರದಲ್ಲಿದ್ದ, ಬಣ್ಣ ಹೋಗುತ್ತದೆಯೇ ಎಂದು ಒದ್ದೆ ಮಾಡಿ ನೋಡುವಂತಿರಲಿಲ್ಲ.

"ಅರ್ಧಕ್ಕರ್ಧ ಕಡಿಮೆ ಉಂಟಲ್ಲ," ಎಂದ ಹುಕ್ರಪ್ಪ ಹೆಂಡತಿಗೆ. "ನಮ್ಮ ಮಗಳ ಅದೃಷ್ಟ ಇದು."

ಹಕೀಮರು ಹುಕ್ರಪ್ಪನ ಮುಖ ನೋಡಿದರು. ಆ ಸಂತೋಷವನ್ನು ಮುರಿಯುವುದಕ್ಕೂ ಕೆಲಸ ಕಳೆದುಕೊಳ್ಳುವುದಕ್ಕೂ ಅವರಿಗೆ ಧೈರ್ಯ ಬರಲಿಲ್ಲ. "ಒಳ್ಳೆದುಂಟು," ಎಂದುಬಿಟ್ಟರು.

ಮದುವೆ ಮೂಡುಬಿದಿರೆಯ ಸಭಾಭವನದಲ್ಲಿ. ಹಕೀಮರು ಹೆಂಡತಿ ಬೀಪಾತುಮ್ಮನೊಂದಿಗೆ ಹೋಗಿ ಎರಡನೆಯ ಸಾಲಿನಲ್ಲಿ ಕುಳಿತರು. ವಧೂವರರ ಕೈ ಸೇರಿಸಿ ಹುಕ್ರಪ್ಪ ಧಾರೆ ಎರೆದ. ನೀರು ಮಗಳ ಕೈಯಿಂದ ಸೆರಗಿಗೆ ಇಳಿಯಿತು. ಸೆರಗಿನಿಂದ ಕೆಂಪಾಗಿ ವರನ ಬಿಳಿ ಪಂಚೆಯ ಮೇಲೆ ತೊಟ್ಟಿಕ್ಕಿತು. ವರನ ಕಡೆಯ ಹೆಂಗಸೊಬ್ಬರು, "ಇದೆಂಥ ಸೀರೆ, ಧಾರೆಯ ಹೊತ್ತಿಗೇ ಹೀಗೆ," ಎಂದರು. ಹಿಂದೆ ಯಾರೋ ನಕ್ಕರು. ವಿಸ್ಮಿತಾ ಕೆಂಪು ಹತ್ತಿದ ಅಂಗೈಗಳನ್ನು ಮಡಿಲಲ್ಲಿ ಮುಚ್ಚಿಕೊಂಡಳು. ಮತ್ತೆ ಅವಳು ತಲೆಯೆತ್ತಲಿಲ್ಲ.

ಹಕೀಮರು ಊಟಕ್ಕೆ ನಿಲ್ಲಲಿಲ್ಲ. ಬಸ್ಸಿನಲ್ಲಿ ಬೀಪಾತುಮ್ಮ ಕೇಳಿದರು, "ನಿಮಗೆ ಗೊತ್ತಿತ್ತಾ?" ಹಕೀಮರು ಕಿಟಕಿಯ ಕಡೆ ತಿರುಗಿದರು.

ಮರುದಿನವೇ ಅವರು ಕೆಲಸ ಬಿಟ್ಟರು. ವಾರ ಕಳೆದು ವೇಣೂರಿಗೆ ಹೋದರು. ಹುಕ್ರಪ್ಪ ಎಂದಿನಂತೆ ಕುರ್ಚಿ ಹಾಕಿದ. ಪ್ರೇಮಾವತಿ ನೀರು ಬೆಲ್ಲ ತಂದಿಟ್ಟರು. ಹಕೀಮರು ಅದನ್ನು ಮುಟ್ಟದೆ ಎಲ್ಲವನ್ನೂ ಹೇಳಿದರು.

"ಆ ಚೀಟಿ ಅಂಟಿಸಿದ್ದು ನಾನೇ ಹುಕ್ರಪ್ಪ. ಅದು ರೇಷ್ಮೆ ಅಲ್ಲ ಅಂತ ನನಗೆ ಗೊತ್ತಿತ್ತು."

ಹುಕ್ರಪ್ಪ ಬೈಯಲಿಲ್ಲ. ಮುಟ್ಟದ ನೀರಿನ ಲೋಟವನ್ನು ಅವರ ಹತ್ತಿರ ಸರಿಸಿದ.

"ನೀವು ಬಾಯಿ ಬಿಟ್ಟು ಹೇಳುವುದು ಬೇಡಿತ್ತು ಬ್ಯಾರಿಗಳೇ. ಒಂದು ಸಲ ತಲೆ ಅಲ್ಲಾಡಿಸಿದ್ದರೆ ಸಾಕಿತ್ತು, ನಾನು ಎದ್ದು ಬರ್ತಿದ್ದೆ." ಆಮೇಲೆ ಮೆಲ್ಲಗೆ ಕೇಳಿದ, "ಹಿಂದೆ ನಿಮ್ಮ ಅಂಗಡಿಯಲ್ಲಿ ಕೊಟ್ಟದ್ದು? ಅದೂ ಹೀಗೆಯೇ ಇತ್ತಾ?"

ಇಲ್ಲ ಎನ್ನಲು ಹಕೀಮರು ಬಾಯಿ ತೆರೆದರು. ಇಪ್ಪತ್ತೊಂಬತ್ತು ವರ್ಷ ಗಿರಾಕಿಗಳು ಕೇಳದಿದ್ದರೂ ಬಟ್ಟೆ ಒದ್ದೆ ಮಾಡಿ ತೋರಿಸಿದ್ದವರು, ಈಗ ಕೇಳಿದವನಿಗೆ ತೋರಿಸಲು ಏನೂ ಇಲ್ಲದೆ ಕುಳಿತಿದ್ದರು.

ಈಗ ಹಕೀಮರು ಮನೆಯಲ್ಲೇ ತಲೆದಿಂಬಿನ ಕವರು ಹೊಲಿದು ಕೊಡುತ್ತಾರೆ. ಆಗೊಮ್ಮೆ ಈಗೊಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಹುಕ್ರಪ್ಪ ಸಿಗುತ್ತಾನೆ. ಬೀಪಾತುಮ್ಮನ ಮಂಡಿನೋವು ವಿಚಾರಿಸುತ್ತಾನೆ, ಗದ್ದೆಯ ಸುದ್ದಿ ಹೇಳುತ್ತಾನೆ. ಮಗಳ ವಿಷಯ ಮಾತ್ರ ಎತ್ತುವುದಿಲ್ಲ. ಕೇಳುವ ಹಕ್ಕು ತಮಗಿಲ್ಲವೆಂದು ಹಕೀಮರೂ ಕೇಳುವುದಿಲ್ಲ.