ಹೊರಡುವ ಹೊತ್ತಿನ ಸೀನು

ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಸಂಡೂರು ಕಡೆಯ ಗಣಿಯಲ್ಲಿ ಮೇಲ್ವಿಚಾರಕನಾಗಿದ್ದವನು, ನಾಲ್ಕಕ್ಷರ ಓದಿದವನು, ಆದರೂ ಒಂಟಿ ಸೀನಿಗೆ ಹೆದರುತ್ತಿದ್ದೆ. ಬೆಳಿಗ್ಗೆ ಶಿಫ್ಟಿಗೆ ಹೊರಡುವಾಗ ಹೆಂಡತಿ ಸೀನಿದಳೆಂದರೆ ಮುಗಿಯಿತು. ಮೆಟ್ಟಿದ ಬೂಟು ಕಳಚಿ, ಒಳಗೆ ಬಂದು ಕೂತು, ನೀರು ಕುಡಿದೇ ಮತ್ತೆ ಹೊಸ್ತಿಲು ದಾಟಬೇಕು. ನಮ್ಮಪ್ಪನೂ ಹಾಗೇ ಮಾಡುತ್ತಿದ್ದರು.

ಅವಳಿಗೋ ಸೀನು ದಿನಾ ಬರುತ್ತಿತ್ತು. ಒಂದು ದಿನ ಹೀಗೆ ಕೂತು ಏಳುವಷ್ಟರಲ್ಲಿ ಕಂಪನಿ ಬಸ್ಸು ಹೋಗಿಬಿಟ್ಟಿತು. ಓಣಿಗೆಲ್ಲ ಕೇಳುವಂತೆ ಕೂಗಾಡಿದೆ.

"ನಾ ಹೊರಡಾದನ್ನಾ ಕಾಯ್ಕಂಡಿರ್ತೀ ಏನು? ಅಪಶಕುನದ ಮೂಗು ನಿಂದು!"

ಅವಳು ಬಾಯಿಗೆ ಸೆರಗು ಹಿಡಿದು ಅಡುಗೆಮನೆಗೆ ಹೋದಳು. ಮರುದಿನದಿಂದ ಸೀನು ಕೇಳಿಸಲಿಲ್ಲ. ಗದರಿಸಿದ್ದಕ್ಕೆ ದಾರಿಗೆ ಬಂದಳು ಎಂದುಕೊಂಡೆ. ಥೂ ನನ್ನ!

ಕೆಲವು ತಿಂಗಳಾದ ಮೇಲೆ ಅವಳಿಗೆ ಕಿವಿನೋವು ಶುರುವಾಯಿತು. ಹೊಸಪೇಟೆಯಲ್ಲಿ ಕಿವಿ, ಮೂಗು ನೋಡುವ ಡಾಕ್ಟರಮ್ಮನ ಬಳಿ ಕರೆದೊಯ್ದೆ. ಅವರು ಮೂಗಿನೊಳಗೂ ಬ್ಯಾಟರಿ ಬಿಟ್ಟು ನೋಡಿದರು.

"ಒಳಗ ಭಾಳ ಊದೈತಿ, ಅಲರ್ಜಿ ಇದ್ದಂಗೈತಿ. ಸೀನು ಯಾವಾಗ ಬರ್ತೈತಿ, ಅದಕ್ಕ ಮೊದ್ಲು ಏನು ಮಾಡ್ತಿದ್ರಿ, ಹದಿನೈದು ದಿನ ಬರಕಂಡು ಬರ್ರಿ" ಎಂದು ಮೂಗಿಗೆ ಸ್ಪ್ರೇ ಬರೆದುಕೊಟ್ಟರು.

ಮಗಳ ಹಳೇ ನೋಟುಬುಕ್ಕಿನಲ್ಲಿ ಅವಳು ದಿನಾ ಬರೆದಳು. ಏನು ಬರೆದಿದ್ದಾಳೆಂದು ನಾನು ಒಂದು ದಿನವೂ ನೋಡಲಿಲ್ಲ.

ಎರಡನೇ ಸಲ ಹೋದಾಗ ಡಾಕ್ಟರಮ್ಮ ಪುಟ ತಿರುವಿ, "ಯೂನಿಫಾರಂ ಕೊಡವಿದೆ" ಎಂದು ಬರೆದಿದ್ದ ಕಡೆಯೆಲ್ಲ ಬೆರಳಿಟ್ಟರು. ಹಿಂದಿನ ದಿನ ನಾನು ಗೂಟಕ್ಕೆ ಸಿಕ್ಕಿಸಿದ್ದ ಅದಿರು ಧೂಳಿನ ಬಟ್ಟೆಯನ್ನು ಅವಳು ಕೊಡವಿ ಕೊಟ್ಟ ಮೇಲೇ ನಾನು ಹಾಕಿಕೊಳ್ಳುತ್ತಿದ್ದದ್ದು.

"ಮೂಗು ಕೆಣಕಾದು ಈ ಧೂಳಾ. ಯಜಮಾನ್ರೇ, ಇನ್ನ ಮ್ಯಾಲೆ ನೀವಾ ಹೊರಗ ನಿಂತು ಕೊಡವ್ರಿ."

ನನ್ನ ಮುಖ ಕಪ್ಪಿಟ್ಟಿತು. ಇಷ್ಟು ದಿನ ಅವಳ ಮೂಗನ್ನು ಬೈದಿದ್ದೆನಲ್ಲ, ಆ ಸೀನನ್ನು ಮನೆಗೆ ಹೊತ್ತು ತಂದವನು ನಾನೇ.

"ಒಂದು ತಿಳೀಲಿಲ್ಲಮ್ಮ" ಎಂದರು ಡಾಕ್ಟರಮ್ಮ. "ಬಟ್ಟಿ ಕೊಡವಾದು ಆರಕ್ಕ. ಸೀನು ಮಾತ್ರ ದಿನಾ ಆರೂಕಾಲಿಗೇ ಹೆಂಗ ಬರ್ತೈತಿ?"

ಹೆಂಡತಿ ನನ್ನ ಕಡೆ ನೋಡಲಿಲ್ಲ.

"ಇವ್ರ ಬಸ್ಸು ಹೋಗಾದು ಆವಾಗ್ರಿ. ಅಲ್ಲಿತನಾ ಮೂಗು ಒತ್ತಿ ಹಿಡಕಂಡಿರ್ತೀನ್ರಿ."

"ಅಯ್ಯೋ! ಹಂಗ ತಡದ್ರ ಕಿವಿ ನೋಯದಾ ಇನ್ನೇನಮ್ಮ? ಸೀನಬ್ಯಾಡ ಅಂತ ಯಾರು ಹೇಳಿದ್ರು ನಿಮಗ?"

"ಯಾರೂ ಹೇಳಿಲ್ರಿ" ಎಂದಳು ಅವಳು.

ಪಕ್ಕದ ಕುರ್ಚಿಯಲ್ಲೇ ಕೂತಿದ್ದ ನಾನು ನೋಟುಬುಕ್ಕನ್ನು ನನ್ನ ಕಡೆಗೆಳೆದುಕೊಂಡು ಮೊದಲ ಪುಟ ತೆರೆದೆ.