ಒರಳಿನ ಸುತ್ತ ಮೂರು ಸುತ್ತು

ನಾನು ಚಿಕ್ಕವಳಿದ್ದಾಗ ನಡೆದ ಈ ಸಂಗತಿಯನ್ನು ಎರಡು ಸಲ ಡೈರಿಯಲ್ಲಿ ಬರೆದಿದ್ದೇನೆ. ಒಂದರಲ್ಲಿ ಕೋಳಿಮರಿ ಕಪ್ಪಗಿದೆ, ಇನ್ನೊಂದರಲ್ಲಿ ಹಳದಿ. ಆದ್ದರಿಂದ ಮಕ್ಕಳೇ, ಬಣ್ಣದ ವಿಷಯದಲ್ಲಿ ನನ್ನನ್ನು ನಂಬಬೇಡಿ. ಯಾರು ಮೊದಲು ಏನು ಅಂದರು ಎಂಬುದೂ ಆಚೀಚೆ ಆಗಿರಬಹುದು. ಕೋಳಿಗಳು ನಡೆದ ರೀತಿ ಮಾತ್ರ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಶಿರವಾಳದಲ್ಲಿದ್ದ ಅತ್ತೆ, ಅಂದರೆ ಅಪ್ಪನ ತಂಗಿ, ನಮಗೊಂದು ತಾಯಿ ಕೋಳಿ ಮತ್ತು ಎರಡು ಮರಿ ಕೊಟ್ಟಿದ್ದಳು. ಗೋಗಿ ಹತ್ತಿರದ ನಮ್ಮೂರಿಗೆ ಅವನ್ನು ಬಸ್ಸಿನಲ್ಲಿ ತಂದವರು ಅಕ್ಕ ಮತ್ತು ನಾನು. ಕಾಲು ಕಟ್ಟಿದ ಕೋಳಿ ಅಕ್ಕನ ಪಾದದ ಬಳಿ ಇತ್ತು, ಮರಿಗಳಿದ್ದ ಬಟ್ಟೆಯ ಚೀಲ ನನ್ನ ತೊಡೆಯ ಮೇಲಿತ್ತು. ಅತ್ತೆ ಎಷ್ಟೇ ಮರಿ ಕೊಡಲಿ, ಬದುಕಿದವು ನನ್ನವೇ ಎಂದು ಅಪ್ಪ ಮೊದಲೇ ಮಾತು ಕೊಟ್ಟಿದ್ದ. ಬಟ್ಟೆಯೊಳಗಿಂದ ಅವುಗಳ ಬಿಸುಪು ತಾಗುತ್ತಿತ್ತು. ಬಸ್ಸು ತುಂಬಿತ್ತು, ಸೆಕೆ. ನನಗೆ ಜೋಂಪು ಹತ್ತಿತು.

ಇಳಿದಾಗ ಚೀಲದಿಂದ ಒಂದೇ ಚಿಂವ್‌ಗುಟ್ಟುವಿಕೆ ಕೇಳುತ್ತಿತ್ತು. ಅಕ್ಕ ಒಳಗೆ ಕೈ ಹಾಕಿ ನೋಡಿದಳು.

"ಒಂದು ತಣ್ಣಗಾಗ್ಯಾದ. ನಿದ್ದಿಬಡುಕಿ, ಅದರ ಮ್ಯಾಲ ಬಿದ್ದಿದ್ದಿಯೇನ?"

ನಾನು ಅಳತೊಡಗಿದೆ.

"ಸುಮ್ನಿರು. ಅತ್ತಿ ಒಂದ ಮರಿ ಕೊಟ್ಟಾಳಂತ ಹೇಳೋಣು. ಅಪ್ಪಗ ಗೊತ್ತಾದ್ರ ಇಬ್ಬರಿಗೂ ಬೀಳ್ತಾವ."

ಹೊಸ ಕೋಳಿ ಬಂದರೆ ನಮ್ಮಲ್ಲಿ ಮೊದಲು ಅಂಗಳದ ಒರಳನ್ನು, ನಮ್ಮ ಮಾತಿನಲ್ಲಿ ಒಳ್ಳನ್ನು, ಮೂರು ಸುತ್ತು ಸುತ್ತಿಸುತ್ತಿದ್ದರು. "ಒಳ್ಳ ಸುತ್ತಿದ್ದು ಮನಿ ಬಿಟ್ಟು ಹೋಗಂಗಿಲ್ಲ" ಎನ್ನುತ್ತಿದ್ದ ಅಪ್ಪ. ಕೋಳಿಯನ್ನು ಎತ್ತಿಕೊಂಡು ಅವನು ಮುಂದೆ ನಡೆದ. ಹಿಂದೆ ಜೀವಂತ ಮರಿಯನ್ನು ಅಂಗೈಯಲ್ಲಿಟ್ಟುಕೊಂಡು ಅಕ್ಕ. ಕೊನೆಗೆ, ಹೆಗಲಲ್ಲಿ ಆ ಚೀಲ ಹಾಕಿಕೊಂಡು ನಾನು.

ನಮ್ಮ ಹಳೆಯ ಏಳು ಕೋಳಿಗಳಿಗೆ ಒಂದು ಬೋಳುಕತ್ತಿನ ಮುದಿ ಕೋಳಿ ಯಜಮಾನಿ. ಹಿಂದಿನ ವರ್ಷ ಹೊರಗಿನ ಮರಿಯೊಂದನ್ನು ಅದು ಕುಕ್ಕಿ ಕೊಂದಿತ್ತು. ಹಾಗಾಗಿ ಅಪ್ಪ ತಾಯಿಯನ್ನೂ ಮರಿಯನ್ನೂ ಸಂದಿಬಿಟ್ಟು ಹೆಣೆದ ದೊಡ್ಡ ಬುಟ್ಟಿಯ ಕೆಳಗೆ ಮುಚ್ಚಿದ. ಒಂದನ್ನೊಂದು ನೋಡಲಿ, ಕುಕ್ಕಲು ಸಿಗದಿರಲಿ ಎಂದು. ಒಳಗೆ ಜೋಳದ ನುಚ್ಚು, ನೀರಿನ ಚಿಪ್ಪು ಇಟ್ಟ. ಹಳೆಯ ಕೋಳಿಗಳಿಗೂ ಬುಟ್ಟಿಯ ಪಕ್ಕದಲ್ಲೇ ಜೋಳದ ನುಚ್ಚು ಚೆಲ್ಲಿದ.

ಕಾಯುವ ಕೆಲಸ ನನ್ನದು. ತಾಯಿ ಕೋಳಿ ಒಂದು ಚೂರು ನುಚ್ಚು ಎತ್ತಿ, ಕುಕ್ ಕುಕ್ ಎಂದು ಕರೆದು, ಮರಿಯ ಮುಂದೆ ಹಾಕುತ್ತಿತ್ತು. ಆಮೇಲೆ ಎಡಕ್ಕೆ ತಿರುಗಿ ಅದೇ ದನಿಯಲ್ಲಿ ಕರೆದು, ಬರೀ ನೆಲದ ಮೇಲೆ ಇನ್ನೊಂದು ಚೂರು ಹಾಕುತ್ತಿತ್ತು. ಕೂತಾಗ ಮರಿ ಬಲರೆಕ್ಕೆಯೊಳಗೆ ನುಗ್ಗುತ್ತಿತ್ತು. ಎಡರೆಕ್ಕೆಯೂ ಅಷ್ಟೇ ಉಬ್ಬಿರುತ್ತಿತ್ತು.

ಮೂರನೆಯ ದಿನವಿರಬೇಕು, ಮಟಮಟ ಮಧ್ಯಾಹ್ನ. ಏಳೂ ಕೋಳಿಗಳು ಬುಟ್ಟಿಯ ಸುತ್ತ ನಿಂತಿದ್ದವು. ಕೆದರುತ್ತಿರಲಿಲ್ಲ, ಸದ್ದಿಲ್ಲ. ಅವು ಮರಿಯನ್ನು ನೋಡುತ್ತಿರಲಿಲ್ಲ. ಎಡಕ್ಕೆ, ಆ ಬರೀ ನೆಲವನ್ನು ನೋಡುತ್ತಿದ್ದವು.

ಐದನೆಯ ಸಂಜೆ, ಕೋಳಿಗಳು ಗೂಡಿಗೆ ಹೋಗುವ ಮುಂಚೆ, ಅಪ್ಪ ಬುಟ್ಟಿ ಎತ್ತಿದ. ಆ ಹೊತ್ತಿಗೆ ಅವಕ್ಕೆ ಜಗಳಕ್ಕಿಂತ ನಿದ್ದೆ ಹೆಚ್ಚು. ಮರಿ ನುಸುಳಿಕೊಳ್ಳಲೆಂದು ಒಂದು ಹಲಗೆಯನ್ನು ಇಟ್ಟಿಗೆಗಳ ಮೇಲೆ ತಗ್ಗಾಗಿ ಇಟ್ಟಿದ್ದ. ಬೋಳುಕತ್ತಿನದು ತಲೆ ಬಗ್ಗಿಸಿ ನೇರ ಮರಿಯ ಮೇಲೆ ಬಂತು. ತಾಯಿ ಗರಿ ಕೆದರಿತು. ಮರಿ ಹಲಗೆಯ ಕಡೆ ಓಡಲೇ ಇಲ್ಲ. ಇನ್ನೊಂದು ಹೆಜ್ಜೆ ಇರುವಾಗ ಮುದಿ ಕೋಳಿ ಗಕ್ಕನೆ ನಿಂತು, ತಾಯಿಯ ಎಡಕ್ಕೆ ನೋಡಿತು. ಹಿಂದೆ ಸರಿಯಿತು. ಅಂಗೈಯಗಲದ ಆ ನೆಲವನ್ನು ಬಳಸಿಕೊಂಡು ಗೂಡಿಗೆ ಹೋಯಿತು. ಉಳಿದ ಆರೂ ಸಾಲಾಗಿ, ಅದನ್ನು ತುಳಿಯದೆ, ಬಳಸಿಯೇ ಹೋದವು.

"ಇವು ಯಾಕ ಹಿಂಗ ಬಳಸಿ ಹೊಂಟಾವ?" ಎಂದ ಅಪ್ಪ. ಆಮೇಲೆ ನಮ್ಮ ಕಡೆ ತಿರುಗಿ, "ನಿಮ್ಮತ್ತಿ ಎಷ್ಟು ಮರಿ ಕೊಟ್ಟಾಳ?"

"ಒಂದ ಅಪ್ಪಾ," ಎಂದಳು ಅಕ್ಕ, ನನ್ನ ತೋಳು ಚಿವುಟುತ್ತಾ.

ಮರಿ ಬದುಕಿತು, ನನ್ನದಾಯಿತು. ಹಳೆಯ ಕೋಳಿಗಳು ಅದನ್ನು ಎಂದೂ ಕುಕ್ಕಲಿಲ್ಲ. ತಾಯಿ ಮಾತ್ರ ಎಡಕ್ಕೂ ಒಂದು ಚೂರು ಹಾಕುತ್ತಲೇ ಇತ್ತು.

ಈಗ ಯಾದಗಿರಿಯ ಈ ಮನೆಗೆ ಮೊಟ್ಟೆಗಳು ಕಾಗದದ ತಟ್ಟೆಯಲ್ಲಿ ಬರುತ್ತವೆ, ಅಂಗಳವೂ ಇಲ್ಲ, ಒರಳೂ ಇಲ್ಲ. ಕಳೆದ ರಜೆಯಲ್ಲಿ ಸುರಪುರದ ಅಕ್ಕನ ಮನೆಯಲ್ಲಿ ನೀವು ಕೋಳಿಗಳನ್ನು ಫೋನಿನಲ್ಲಿ ಹಿಡಿದು ತಂದಿರಿ, ಬೇಕೆಂದಾಗ ಎಣಿಸಿ ನೋಡುತ್ತೀರಿ. "ಇದು ಖರೇನೇ ಅಜ್ಜಿ? ಫೋಟೋ ಅದ?" ಎಂದು ಕೇಳಿದಿರಿ. ಫೋಟೋ ಇಲ್ಲ. ನನಗೆ ಅಕ್ಕ ಒಬ್ಬಳೇ ಸಾಕ್ಷಿ. ಸತ್ತ ಮರಿಯನ್ನು ಬಣವೆಯ ಹಿಂದೆ ಹೂತವಳು ಅವಳೇ. ಆದರೆ ಯಾವಾಗ?

ನಿನ್ನೆ ಅವಳಿಗೆ ಫೋನ್ ಮಾಡಿ ಕೇಳಿದೆ. "ತಡಿ, ಕೋಳಿ ಕೂಗಾಕತ್ತಾವ, ನೋಡಿ ಬರ್ತೀನಿ," ಎಂದು ಫೋನ್ ಕೆಳಗಿಟ್ಟು ಹೋದಳು. ಆಚೆ ಅವಳು ಕೋಳಿಗಳನ್ನು ಕರೆಯುವುದು ಕೇಳಿಸಿತು. ಅವಳು ಹಿಂತಿರುಗಿ ಬರಲಿಲ್ಲ. ನಾನು ಕೇಳಿದ್ದು ಇಷ್ಟೇ:

"ಅಕ್ಕಾ, ನಾವು ಒಳ್ಳ ಸುತ್ತುವಾಗ ಆ ಮರಿ ಇನ್ನೂ ನನ್ನ ಚೀಲದಾಗ ಇತ್ತೇನು?"